ಉಪಚಾರಮ್ಮನ ಹಣ್ಣಿನ ಮಾಕ್‌ಟೇಲ್

ನಮ್ಮ ಭಾವ ಗಂಗಾಧರಸ್ವಾಮಿಯವರು ಹೊಸ ಯಂತ್ರ ಕಂಡುಹಿಡಿದಾಗಲೆಲ್ಲ ಅದರ ಮೊದಲ ಪ್ರಯೋಗ ನಡೆಯುವುದು ನನ್ನ ಮೇಲೆ. ನಾನು ಅವರ ಹೆಂಡತಿಯ ತಮ್ಮ. ಮೈಸೂರಿನಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದುಕೊಂಡು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೆಂಡತಿ ಮಕ್ಕಳಿಲ್ಲದ ಮನುಷ್ಯನಿಗೆ ಏನಾದರೂ ಹೆಚ್ಚುಕಮ್ಮಿಯಾದರೆ ಅಳುವವರು ಕಡಿಮೆ ಎಂಬುದು ಭಾವನ ವೈಜ್ಞಾನಿಕ ನಿಲುವು. ತಾನಾಗಿ ದೋಸೆ ಮಗುಚುವ ಕಾವಲಿಯನ್ನು ಅವರು ಮಾಡಿದಾಗ ಒಂದು ಹುಬ್ಬು ಕಳೆದುಕೊಂಡವನು ನಾನೇ. ಅದು ಮತ್ತೆ ಬೆಳೆಯಿತು, ಆದರೆ ಮೊದಲಿನ ಹಾಗಲ್ಲ.

ಆ ದಿನ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹಜಾರದಿಂದ ಭಾವನ ಕೂಗು ಕೇಳಿಸಿತು.

"ರೇಣು, ಬಾ ಇಲ್ಲಿ. ಕೂತ್ಕೋ. ಬಾಯಾರಿದೆಯಾ?"

"ಬಾಯಾರಿದೆ ಭಾವ."

"ಅದನ್ನ ನನಗೆ ಹೇಳ್ಬೇಡ. ಇವಳಿಗೆ ಹೇಳು."

ಇವಳು ಎಂದರೆ ಅಕ್ಕನ ಹಳೆಯ ಫ್ರಿಜ್ಜು. ಅದರ ಕಾಲಿಗೆ ಚಕ್ರಗಳು, ಹೊಟ್ಟೆಗೆ ಬ್ಯಾಟರಿ ಬಂದಿದ್ದವು. ನೆತ್ತಿಯ ಮೇಲೆ ಹಣ್ಣು ಹಾಕಲು ಗಾಜಿನದೊಂದು ಬಾಯಿ ಇತ್ತು. ಪಕ್ಕಗಳಿಂದ ಉದ್ದುದ್ದ ರಬ್ಬರ್ ಕೈಗಳು ಇಳಿಬಿದ್ದಿದ್ದವು, ಒಂದೊಂದರ ತುದಿಗೂ ಒಂದು ನಲ್ಲಿ. ಬೆನ್ನಿನಿಂದ ಹೊರಟ ನೀಲಿ ಪೈಪು ಕಿಟಕಿಯ ಮೂಲಕ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಹೋಗಿತ್ತು.

"ಇವಳ ಹೆಸರು ಉಪಚಾರಮ್ಮ," ಎಂದರು ಭಾವ. ಹಾಲಿನ ಡೇರಿಯ ಶೀತಲ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಅವರು. ತಣ್ಣಗಿರುವ ಯಾವ ವಸ್ತುವನ್ನು ಕಂಡರೂ ಅವರಿಗೆ ಮಮತೆ. "ಹಣ್ಣಿನ ಮಾಕ್‌ಟೇಲ್ ಮಾಡ್ತಾಳೆ. ಒಳಗೆ ರಸವರ್ಧಕ ಇದೆ. ಒಂದೇ ಒಂದು ಅನಾನಸ್ ಹಾಕಿದ್ರೆ ಅದರ ಸತ್ವ ಹೀರಿ, ನೀರಿಗೆ ಕೂಡಿಸಿ, ಇಡೀ ಛತ್ರಕ್ಕೆ ಹಂಚೋ ಅಷ್ಟು ರಸ ಮಾಡ್ತಾಳೆ. ರುಚಿ ಒಂದಿಷ್ಟೂ ತೆಳುವಾಗಲ್ಲ."

"ಮಾಕ್‌ಟೇಲ್ ಅಂದ್ರೆ ಕುಡಿಯೋ ಸಮಾಚಾರವೇನ್ರೀ?" ಎಂದು ಅಡುಗೆಮನೆಯಿಂದ ಅಕ್ಕ ಕೇಳಿದಳು. ಅವಳ ಹೆಸರು ಪ್ರಭಾಮಣಿ.

"ಕುಡಿಯೋದೇ. ಆದ್ರೆ ಆ ಕುಡಿಯೋದಲ್ಲ. ಹಣ್ಣಿನ ಪಾನಕ ಕಣೇ, ಬಣ್ಣಬಣ್ಣದ್ದು, ಪದರ ಪದರವಾಗಿ ನಿಲ್ಲತ್ತೆ."

"ಪಾನಕ ಅನ್ನೋಕೆ ಏನು ಕಷ್ಟ ನಿಮಗೆ?"

ಭಾವ ಗುಂಡಿ ಒತ್ತಿದರು. ಫ್ರಿಜ್ಜು ನನ್ನತ್ತ ಉರುಳಿ ಬಂದು ಥೇಟ್ ಅಕ್ಕನ ದನಿಯಲ್ಲಿ ಮಾತಾಡಿತು. ಅಕ್ಕ ಫೋನಿನಲ್ಲಿ ಮಾತಾಡುವಾಗ ಭಾವ ಗುಟ್ಟಾಗಿ ಅವಳ ದನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದರು.

"ಬನ್ನಿ ಬನ್ನಿ. ಏನು ತಗೋತೀರಾ?"

"ಏನೂ ಬೇಡ, ಈಗ ತಾನೆ ಆಯ್ತು," ಎಂದೆ. ಯಾರಾದರೂ ಹಾಗೆ ಕೇಳಿದರೆ ನಮ್ಮ ಬಾಯಲ್ಲಿ ಬೇರೆ ಉತ್ತರ ಬರುವುದಿಲ್ಲ.

"ಸರಿ," ಎಂದ ಉಪಚಾರಮ್ಮ ಕೈಗಳನ್ನು ಮಡಿಚಿಕೊಂಡು, ದೀಪ ಆರಿಸಿಕೊಂಡು ಮೂಲೆಗೆ ಹೋಗಿ ನಿಂತಿತು. ಮಧ್ಯಾಹ್ನದಿಂದ ಒಂದು ತೊಟ್ಟು ನೀರೂ ಕುಡಿಯದ ನಾನು ಖಾಲಿ ಗಾಜಿನ ಲೋಟ ಹಿಡಿದುಕೊಂಡು ಕುಳಿತಿದ್ದೆ.

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಇದೇನ್ರೀ ಇದು? ನೆಂಟರು ಒಂದ್ಸಲ ಬೇಡ ಅಂದ್ರೆ ಬಿಟ್ಟುಬಿಡೋದಾ? ಭಾನುವಾರ ಗುಂಡ್ಲುಪೇಟೆಯವರು ಹುಡುಗಿ ನೋಡೋಕೆ ಬರ್ತಿದಾರೆ. ಅವರ ಮುಂದೆ ಇದು ಹೀಗೆ ಮೂಲೆ ಸೇರಿದ್ರೆ ನಮ್ಮ ಮಾನ ಏನಾಗ್ಬೇಕು?"

ಹುಡುಗಿ ಎಂದರೆ ಶರ್ವಾಣಿ, ಅವರ ಒಬ್ಬಳೇ ಮಗಳು. ಜನರ ಕಿವಿ ಪರೀಕ್ಷೆ ಮಾಡಿ, ಕೇಳಿಸದವರಿಗೆ ಯಂತ್ರ ಹೊಂದಿಸಿಕೊಡುವುದು ಅವಳ ಉದ್ಯೋಗ. ಆಗ ಅವಳು ಊಟದ ಮೇಜಿನ ಬಳಿ ಮೊಸರನ್ನ ತಿನ್ನುತ್ತಿದ್ದಳು.

"ಅಮ್ಮ, ನಂಗೆ ಈ ಸಂಬಂಧ ಬೇಡ ಅಂತ ಹೇಳಿದೀನಿ," ಎಂದಳು. "ಕೆಲಸ ಬಿಟ್ಟು ಬರ್ಬೇಕು ಅಂತ ಅವ್ರು ಮೊದಲೇ ಹೇಳಿ ಕಳಿಸಿದಾರೆ. ನಾನು ಬಿಡಲ್ಲ."

"ಎಲ್ಲ ಹುಡುಗೀರೂ ಮೊದ್ಲು ಹಾಗೇ ಅನ್ನೋದು ಕಣೇ. ನಾನೂ ಅಂದಿದ್ದೆ," ಎಂದಳು ಅಕ್ಕ. ಆಮೇಲೆ ಸೌಟು ಹಿಡಿದುಕೊಂಡೇ ಒಳಗೆ ಹೋದಳು.

ಮಾರನೆಯ ದಿನ ಬಂಧುಗಳ ಮನೆಯ ಗೃಹಪ್ರವೇಶವಿತ್ತು. ಭಾವ ಅಲ್ಲಿಗೆ ಮೈಕು, ಕ್ಯಾಮೆರಾ, ದೂರದಿಂದಲೇ ನಾಡಿ ಓದುವ ಪೆಟ್ಟಿಗೆ ಎಲ್ಲವನ್ನೂ ಹೊತ್ತುಕೊಂಡು ಹೋದರು. ಊಟದ ಪಂಕ್ತಿಯಲ್ಲಿ ಯಾರು ಏನು ಹೇಳಿದರು, ಹೇಳುವಾಗ ಅವರ ನಾಡಿ ಹೇಗೆ ಹೊಡೆಯಿತು, ಆಮೇಲೆ ಎಲೆಯಲ್ಲಿದ್ದದ್ದು ಏನಾಯಿತು ಎಂಬುದನ್ನೆಲ್ಲ ತುಂಬಿಕೊಂಡು ಬಂದು ಉಪಚಾರಮ್ಮನಿಗೆ ಕಲಿಸಿದರು, ನಾಡಿಯ ಪೆಟ್ಟಿಗೆಯನ್ನು ಅದರ ಮೈಗೇ ಕೂರಿಸಿದರು. ಸಂಜೆ ಹೊತ್ತಿಗೆ ಅವರ ಮುಖ ಬೆಳಗುತ್ತಿತ್ತು.

"ಅದ್ಭುತವಾದ ಫಲಿತಾಂಶ ರೇಣು. ಬೇಡ ಅಂದೋರೆಲ್ಲ ತಿಂದಿದಾರೆ. 'ಬೇಡ' ಅಂದ್ರೆ ಒಂದು ಹೋಳಿಗೆ. 'ಅಯ್ಯೋ ಬೇಡವೇ ಬೇಡ' ಅಂದ್ರೆ ಎರಡು. ಎಲೆ ಮೇಲೆ ಕೈ ಅಡ್ಡ ಹಿಡಿದೋರು ಬೆರಳ ಸಂದಿಯಿಂದ ತುಪ್ಪಾನೂ ಹಾಕಿಸ್ಕೊಂಡಿದಾರೆ. ಬಾಯಿ ಬೇಡ ಅನ್ನೋವಾಗ ಎದೆ ಜೋರಾಗಿ ಹೊಡ್ಕೊಂಡ್ರೆ ಆಸೆ ಜಾಸ್ತಿ ಅಂತ ಅರ್ಥ. ಇನ್ಮೇಲೆ ಇವಳು ಯಾರ ಬೇಡಕ್ಕೂ ಮೋಸ ಹೋಗಲ್ಲ."

"ನಿಜವಾಗ್ಲೂ ಬೇಡ ಅನ್ನೋರು ಇದ್ರೆ ಅಪ್ಪ?" ಎಂದು ಶರ್ವಾಣಿ ಕೇಳಿದಳು.

"ಅಂಥೋರು ಒಬ್ರೂ ಸಿಗಲಿಲ್ಲಮ್ಮ."

"ಮನೇಲೇ ಒಬ್ಬಳಿದೀನಿ."

ಭಾವ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು. ಯಂತ್ರವನ್ನು ನಿಲ್ಲಿಸುವ ಗುಂಡಿಯನ್ನು ಅವರು ಅವತ್ತೇ ಕಿತ್ತುಹಾಕಿದರು. ಉಪಚಾರ ಮಾಡುತ್ತಿರುವಾಗ ನಡುವೆ ಕೈ ಹಿಡಿದು ನಿಲ್ಲಿಸುವುದು ಅಮರ್ಯಾದೆ, ಬಾಯಲ್ಲಿ ಹೇಳಿದರೆ ನಿಲ್ಲುತ್ತಾಳೆ ಎಂದರು. ಏನು ಹೇಳಬೇಕು ಎಂದು ಕೇಳಿದೆ. "ಸಾಕು ಅನ್ನು," ಎಂದರು. ಗಣಿತದ ಮೇಷ್ಟ್ರಾದ ನನಗೆ ಅಲ್ಲಿಯೇ ಲೆಕ್ಕ ತಪ್ಪಿದ್ದು ಹೊಳೆಯಬೇಕಿತ್ತು.

ಭಾನುವಾರ ಹೇಳಿದ ಹೊತ್ತಿಗೆ ಸರಿಯಾಗಿ ಗುಂಡ್ಲುಪೇಟೆಯವರು ಬಂದರು. ಅಕ್ಕಿ ಗಿರಣಿಯ ಶಿವರುದ್ರಪ್ಪನವರು, ಅವರ ಹೆಂಡತಿ ವಿಶಾಲಾಕ್ಷಮ್ಮ, ಮಗ ಪ್ರಮೋದ. ಶಿವರುದ್ರಪ್ಪನವರದು ಇಸ್ತ್ರಿ ಮುರಿಯದ ಬಿಳಿ ಪಂಚೆ. ಹುಡುಗ ಕುಳಿತ ಕ್ಷಣದಿಂದ ತನ್ನ ಮೊಣಕಾಲನ್ನೇ ನೋಡುತ್ತಿದ್ದ. ಶರ್ವಾಣಿಯನ್ನು ರೇಷ್ಮೆ ಸೀರೆ ಉಡಿಸಿ, ಎದುರಿನ ಕುರ್ಚಿಯಲ್ಲಿ ಕೂರಿಸಿದ್ದರು. ತನ್ನ ಮನೆಯಲ್ಲಿ ತಾನೇ ನೆಂಟಳಾಗಿ ಕುಳಿತಂತೆ ಅವಳು ಬಿಗಿಯಾಗಿದ್ದಳು.

ಉಪಚಾರಮ್ಮನ ನೆತ್ತಿಗೆ ಭಾವ ಅನಾನಸ್, ಮಾವು, ಪರಂಗಿ, ನೇರಳೆ, ನಂಜನಗೂಡಿನ ರಸಬಾಳೆ, ಎಳನೀರಿನ ಗಂಜಿ ಎಲ್ಲವನ್ನೂ ತುಂಬಿದ್ದರು. ಅದು ಗುರ್ರೆಂದು ಉರುಳಿ ಬಂತು.

"ಬನ್ನಿ ಬನ್ನಿ. ಏನು ತಗೋತೀರಾ?"

"ಏನೂ ಬೇಡಮ್ಮ," ಎಂದರು ಶಿವರುದ್ರಪ್ಪನವರು, ಅಡುಗೆಮನೆಯ ಬಾಗಿಲಲ್ಲಿ ನಿಂತ ಅಕ್ಕನನ್ನು ನೋಡಿ.

"ಅಯ್ಯೋ, ಬೇಡ ಅಂದ್ರೆ ಹೇಗೆ?" ಎಂದು ಫ್ರಿಜ್ಜು ಹೇಳಿತು. ಒಂದು ಕೈ ಬಂದು ಅವರ ಲೋಟದಲ್ಲಿ ಕೆಳಗೆ ಮಾವಿನ ಹಳದಿ, ನಡುವೆ ಎಳನೀರಿನ ಬಿಳಿ, ಮೇಲೆ ನೇರಳೆಯ ಬಣ್ಣ ನಿಲ್ಲಿಸಿ, ಪುದೀನದ ಎಲೆಯೊಂದನ್ನು ಸಿಕ್ಕಿಸಿ ಹಿಂದೆ ಸರಿಯಿತು. ಒಂದಕ್ಕೊಂದು ಬೆರೆತಿರಲಿಲ್ಲ. ಶಿವರುದ್ರಪ್ಪನವರು ಕುಡಿದು ಕಣ್ಣು ಮುಚ್ಚಿಕೊಂಡರು. ನನ್ನ ಲೋಟಕ್ಕೂ ಒಂದಿಷ್ಟು ಬಿತ್ತು. ಸತ್ಯ ಹೇಳಬೇಕೆಂದರೆ ಅಂಥ ರುಚಿಯನ್ನು ನಾನು ಇದುವರೆಗೆ ಕಂಡಿಲ್ಲ. ಆ ಗಳಿಗೆಯಲ್ಲಿ ಭಾವನ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

"ಬಹಳ ಚೆನ್ನಾಗಿದೆ. ಸಾಕು," ಎಂದರು ಅವರು.

ಲೋಟ ಮತ್ತೆ ತುಂಬಿತು.

"ಸಾಕಮ್ಮ, ಸಾಕು."

ತುಂಬಿದ ಲೋಟದ ಮೇಲೆ ಇನ್ನೊಂದು ಲೋಟದಷ್ಟು ಸುರಿಯಿತು. ಬಿಳಿ ಪಂಚೆಗೆ ನೇರಳೆಯ ಅಂಚು ಬಂತು. ಅವರು ದೊಡ್ಡ ಮನಸ್ಸಿನಿಂದ ನಕ್ಕು, ಮಾತು ಬದಲಿಸಲು ಗಂಟಲು ಸರಿಮಾಡಿಕೊಂಡರು.

"ನೋಡಿ ಸ್ವಾಮಿಗಳೇ, ನಾವು ಬಾಯಿಬಿಟ್ಟು ಕೇಳೋ ಜನ ಅಲ್ಲ. ನಮಗೆ ಏನೂ ಬೇಡ. ನಿಮ್ಮ ಹುಡುಗೀನ ಕಳಿಸಿಕೊಟ್ರೆ ಸಾಕು. ಬೇರೆ ಏನೇನೂ ಬೇಡ."

ಉಪಚಾರಮ್ಮ ಗಕ್ಕನೆ ನಿಂತಿತು. ನಾಡಿ ಓದುವ ಕೆಂಪು ದೀಪ ಅವರತ್ತ ತಿರುಗಿ ಜೋರಾಗಿ ಮಿಣುಕಿತು. ಗೃಹಪ್ರವೇಶದಲ್ಲಿ ಯಾವ ಹೋಳಿಗೆಗೂ ಅಷ್ಟು ದೊಡ್ಡ ಆಸೆ ದಾಖಲಾಗಿರಲಿಲ್ಲ ಎಂದು ಭಾವ ಆಮೇಲೆ ವಿವರಿಸಿದರು. ಎಲ್ಲ ಕೈಗಳೂ ಒಟ್ಟಿಗೆ ಎದ್ದು ಶಿವರುದ್ರಪ್ಪನವರ ಮೇಲೆ ಸುರಿಯತೊಡಗಿದವು. ಪರಂಗಿ ತಲೆಯಿಂದ ಇಳಿಯಿತು, ರಸಬಾಳೆ ಕನ್ನಡಕದಲ್ಲಿ ನಿಂತಿತು.

"ರೀ, ನಿಲ್ಲಿಸ್ರೀ ಅದನ್ನ," ಎಂದು ಅಕ್ಕ ಕೂಗಿದಳು.

"ಸಾಕು," ಎಂದರು ಭಾವ. ಸುರಿಯುವುದು ಇಮ್ಮಡಿಯಾಯಿತು. "ಸಾಕು ಉಪಚಾರಮ್ಮ, ಸಾಕು!" ಎಂದರು. ಒಂದು ಕೈ ಅವರತ್ತಲೂ ತಿರುಗಿತು.

ವಿಶಾಲಾಕ್ಷಮ್ಮ ಎದ್ದು ಸೆರಗು ಕೊಡವಿಕೊಂಡರು. ಈ ಗಲಾಟೆಯ ನಡುವೆಯೂ ಅವರಿಗೆ ಬಂದ ಕೆಲಸ ಮರೆತಿರಲಿಲ್ಲ. "ಯಂತ್ರ ಅಂದ್ಮೇಲೆ ಇರೋದೇ ಬಿಡಿ. ಹುಡುಗೀನ ಒಂದು ಮಾತು ಕೇಳಿಬಿಡೋಣ. ಒಪ್ಪಿಗೆ ತಾನೇನಮ್ಮ ನಿಂಗೆ?"

"ಬೇಡ," ಎಂದಳು ಶರ್ವಾಣಿ.

ಎಲ್ಲರೂ ನಕ್ಕರು. ರಸ ತೊಟ್ಟಿಕ್ಕುತ್ತಿದ್ದ ಶಿವರುದ್ರಪ್ಪನವರೂ ನಕ್ಕರು. "ನಾಚ್ಕೋತಾಳೆ," ಎಂದಳು ಅಕ್ಕ. "ಅಯ್ಯೋ, ನಾಚ್ಕೋಬೇಡಿ," ಎಂದು ಅದೇ ದನಿಯಲ್ಲಿ ಫ್ರಿಜ್ಜು ಹೇಳಿತು. ಎರಡು ಕೈಗಳು ಬಂದು ಅವಳ ಮೇಲೆ ಅನಾನಸ್ ರಸ ಹುಯ್ದವು.

"ನಂಗೆ ಬೇಡ. ನಾನು ನಿಜವಾಗ್ಲೂ ಹೇಳ್ತಿದೀನಿ."

ಇನ್ನೆರಡು ಕೈಗಳು ಬಂದವು. ಭಯಕ್ಕೋ ಸಿಟ್ಟಿಗೋ ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಅದನ್ನು ಯಂತ್ರ ಆಸೆ ಎಂದು ಓದುತ್ತಿತ್ತು. ಅವಳು ಬೇಡ ಎಂದಷ್ಟೂ ಸುರಿಯಿತು. ಅವಳ ಕಣ್ಣಲ್ಲಿ ನೀರು ಬಂದಿದ್ದನ್ನು ನಾನು ನೋಡಿದೆ, ಆದರೆ ಮುಖವೆಲ್ಲ ಅನಾನಸ್ ಆಗಿದ್ದರಿಂದ ಬೇರೆಯವರಿಗೆ ಅದು ತಿಳಿಯುವಂತಿರಲಿಲ್ಲ.

ಅಷ್ಟರಲ್ಲಿ ಹಜಾರದ ತುಂಬ ರಸ ನಿಂತಿತ್ತು. ತಾರಸಿಗೆ ಓಡಿ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚೋಣವೆಂದರೆ, ಅದು ಹೋದ ದೀಪಾವಳಿಯಲ್ಲಿ ಭಾವ ಸುಧಾರಿಸಿದ್ದ ವಾಲ್ವ್. ಅವತ್ತಿನಿಂದ ಅದು ತಿರುಗುವುದಿಲ್ಲ. ನಾನು ಬಾಗಿಲ ಬಳಿ ಜಾರಿ ಬಿದ್ದೆ. ಒಂದು ಕೈ ನನ್ನ ತಲೆಯ ಮೇಲೆ ಬಂದು ನಿಂತು ನಲ್ಲಿ ಬಿಚ್ಚಿತು.

"ಅಕ್ಕ, ನೆಲ ಒರೆಸೋ ಬಟ್ಟೆ ಬೇಕು," ಎಂದು ಕಿರುಚಿದೆ.

ನಲ್ಲಿ ನಿಂತಿತು. ಕೈ ಒಂದು ಕ್ಷಣ ಯೋಚಿಸಿದಂತೆ ತೂಗಾಡಿ, ಮೇಜಿನ ಮೇಲಿದ್ದ ಎಂಜಲು ಲೋಟಗಳ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು ಹೋಯಿತು.

"ಆಹಾ," ಎಂದರು ಭಾವ, ಮೊಣಕಾಲುದ್ದ ಪಾನಕದಲ್ಲಿ ನಿಂತು. ಹೊಸದೇನಾದರೂ ತಿಳಿದರೆ ಅವರಿಗೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತದೆ. "ಗೃಹಪ್ರವೇಶದಲ್ಲಿ ನೆಂಟರು ಯಾರೂ ಬೇಕು ಅನ್ನಲಿಲ್ಲ. ಬೇಕು ಅಂದೋರೆಲ್ಲ ಮನೆಯವರು. ಸೌಟು ಬೇಕು, ಎಲೆ ಬೇಕು, ಬಕೆಟ್ ಬೇಕು ಅಂತ ಓಡಾಡ್ತಿದ್ದೋರು. ಬೇಕು ಅಂದೋರನ್ನ ಇವಳು ಮನೆಯವರು ಅಂದ್ಕೋತಾಳೆ. ಮನೆಯವರಿಗೆ ಉಪಚಾರ ಇಲ್ಲ, ಕೆಲಸ ಕೊಡ್ತಾಳೆ. ನೋಡಿ, ಎಲ್ರೂ ದಯವಿಟ್ಟು ಏನಾದ್ರೂ ಬೇಕು ಅನ್ನಿ."

"ಛೆ ಛೆ," ಎಂದರು ಶಿವರುದ್ರಪ್ಪನವರು. "ಹೆಣ್ಣಿನ ಮನೆಗೆ ಬಂದು ಬಾಯಿಬಿಟ್ಟು ಬೇಕು ಅನ್ನೋದೇ? ನಮ್ಮ ವಂಶದಲ್ಲೇ ಇಲ್ಲ."

"ಮುಳುಗಿಹೋಗ್ತೀವಿ, ಅನ್ರೀ," ಎಂದರು ವಿಶಾಲಾಕ್ಷಮ್ಮ.

"ನಮಗೆ... ನಿಮ್ಮ ಸ್ನೇಹ ಬೇಕು," ಎಂದರು ಅವರು ಗಂಭೀರವಾಗಿ.

ಕೆಂಪು ದೀಪ ಅವರ ನಾಡಿ ನೋಡಿತು. "ಸಂಕೋಚ ಪಟ್ಕೋಬೇಡಿ," ಎಂದು ಹೇಳಿ ಒಂದು ಲೋಟ ಪರಂಗಿ ಹುಯ್ದಿತು. ಅವರು ಇನ್ನೂ ಎರಡು ಮೂರು ಮರ್ಯಾದೆಯ ಬೇಕುಗಳನ್ನು ಪ್ರಯತ್ನಿಸಿದರು. ದೇವರ ದಯೆ ಬೇಕು ಎಂದಾಗ ಮಾವಿನ ಓಟೆಯೊಂದು ಬಂದು ಹಣೆಗೆ ಬಿತ್ತು. ಕೊನೆಗೆ ಉಸಿರುಕಟ್ಟಿ, ಅವರ ಬಾಯಿಂದ ಅದು ಹೊರಬಿತ್ತು.

"ಹುಡುಗನಿಗೆ ಕಾರು ಬೇಕು. ದೊಡ್ಡದು. ಕಪ್ಪು ಬಣ್ಣದ್ದು."

ಅವರ ಮೇಲಿನ ನಲ್ಲಿಗಳೆಲ್ಲ ತಟ್ಟನೆ ನಿಂತವು. ಒಂದು ಕೈ ಅವರಿಗೆ ಪೊರಕೆ ಕೊಟ್ಟಿತು.

ವಿಶಾಲಾಕ್ಷಮ್ಮ ಗಂಡನ ಮುಖ ನೋಡಿ, ಆಮೇಲೆ ತಮ್ಮ ಸರದಿ ಬಂದದ್ದು ಕಂಡು ಮೆಲ್ಲಗೆ ಹೇಳಿದರು: "ನಂಗೆ ಮಂಡಿ ನೋವು ಸ್ವಾಮಿ. ಅಡುಗೆ ಮಾಡೋಕೆ ಮನೇಲಿ ಒಂದು ಜನ ಬೇಕು." ಅವರ ನಲ್ಲಿಯೂ ನಿಂತಿತು. ಅವರಿಗೆ ಒಂದು ಬಕೆಟ್ ಸಿಕ್ಕಿತು.

ಹುಡುಗ ಪ್ರಮೋದ ಮೊದಲ ಬಾರಿಗೆ ಮೊಣಕಾಲಿನಿಂದ ಕಣ್ಣೆತ್ತಿದ. "ನಂಗೆ ಮನೆಗೆ ಹೋಗ್ಬೇಕು," ಎಂದ. ಅಷ್ಟು ಶುದ್ಧವಾದ ಬೇಕನ್ನು ಯಂತ್ರ ಒಂದೇ ಸಲಕ್ಕೆ ನಂಬಿತು. ಅವನ ಪಾಲಿಗೆ ಮಗುಚಿ ಬಿದ್ದಿದ್ದ ಕುರ್ಚಿಗಳನ್ನು ಎತ್ತಿಡುವ ಕೆಲಸ ಬಂತು.

ಇನ್ನು ಉಳಿದಿದ್ದವಳು ಶರ್ವಾಣಿ. ಈಗ ಎಲ್ಲ ಕೈಗಳೂ ಅವಳ ಮೇಲೆಯೇ ಬಂದು ನಿಂತಿದ್ದವು. ಅವಳು ಮುಖ ಒರೆಸಿಕೊಂಡು ಯಂತ್ರದ ಕಡೆ ನೋಡದೆ ಅಕ್ಕ ಭಾವರ ಕಡೆ ತಿರುಗಿದಳು.

"ನಂಗೆ ನನ್ನ ಕೆಲಸ ಬೇಕು. ಬೆಳಿಗ್ಗೆಯಿಂದ ಸಂಜೆತನಕ ನಾನು ಕಿವಿ ಕೇಳದೋರ ಹತ್ರ ಮಾತಾಡ್ತೀನಿ ಅಪ್ಪ, ಅವ್ರಿಗೆಲ್ಲ ಕೇಳಿಸತ್ತೆ. ಬೇಡ ಅಂದ್ರೆ ಬೇಡ ಅಂತ ಈ ಮನೇಲೂ ಯಾರಾದ್ರೂ ಕೇಳಿಸ್ಕೋಬೇಕು."

ಕೈಗಳು ಒಂದೊಂದಾಗಿ ಕೆಳಗಿಳಿದವು. ಯಂತ್ರ ಅವಳಿಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಅದರ ಕಾರಣ ಭಾವನಿಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ನಾವೆಲ್ಲ ಸೇರಿ ರಸವನ್ನು ಅಂಗಳಕ್ಕೆ ದಬ್ಬಿದೆವು. ಶಿವರುದ್ರಪ್ಪನವರು ಪೊರಕೆ ಹಿಡಿದು ಗುಡಿಸಿದರು, ಚೆನ್ನಾಗಿಯೇ ಗುಡಿಸಿದರು. ಗೇಟಿನ ಬಳಿ ಹೊರಡುವಾಗ ಪಂಚೆ ಹಿಂಡಿಕೊಂಡು, "ಮನೇಲಿ ಮಾತಾಡಿ ತಿಳಿಸ್ತೀವಿ," ಎಂದರು.

ಭಾವ ಮಗಳ ಮುಖ ನೋಡಿದರು. ಅವರು ಮನುಷ್ಯರ ಮುಖವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. "ತಿಳಿಸೋದು ಬೇಡ ಸ್ವಾಮಿ," ಎಂದರು. "ನಮ್ಮ ಹುಡುಗಿ ಬೇಡ ಅಂದಳಲ್ಲ. ನಿಮಗೂ ಕೇಳಿಸ್ತು." ಶರ್ವಾಣಿ ಸೀರೆ ಎತ್ತಿಕಟ್ಟಿಕೊಂಡು ಒಳಗೆ ಹೋದಳು. ಬಚ್ಚಲಿನಲ್ಲಿ ಅವಳು ತಲೆಗೆ ನೀರು ಹುಯ್ದುಕೊಳ್ಳುತ್ತ ಏನನ್ನೋ ಗುನುಗುತ್ತಿದ್ದದ್ದು ಕೇಳಿಸಿತು.

ಎಲ್ಲ ಮುಗಿಯಿತೆಂದುಕೊಂಡು ನಾನು ಮಹಡಿ ಹತ್ತುವಷ್ಟರಲ್ಲಿ ಉಪಚಾರಮ್ಮ ಮತ್ತೆ ಉರುಳತೊಡಗಿತು. ಅಡುಗೆಮನೆಯಲ್ಲಿ ಒದ್ದೆ ಸೆರಗಿನಿಂದಲೇ ಒಲೆಕಟ್ಟೆ ಒರೆಸುತ್ತಿದ್ದ ಅಕ್ಕನ ಮುಂದೆ ಹೋಗಿ ನಿಂತು ಅವಳದೇ ದನಿಯಲ್ಲಿ ಕೇಳಿತು:

"ನೀವು ಏನೂ ತಗೊಂಡೇ ಇಲ್ವಲ್ಲ?"

"ನಂಗೇನ್ ಬೇಡ ಬಿಡು," ಎಂದಳು ಅಕ್ಕ, ತಿರುಗಿಯೂ ನೋಡದೆ.

ನಲ್ಲಿಗಳು ಬಿಚ್ಚಿಕೊಂಡವು. ಭಾವ ಓಡಿ ಬಂದರು. "ಪ್ರಭಾ, ಬೇಕು ಅನ್ನೇ. ಏನಾದ್ರೂ ಒಂದು ಬೇಕು ಅನ್ನು, ಬೇಗ."

ಅಕ್ಕ ಬಾಯಿ ತೆರೆದು ಹಾಗೇ ನಿಂತಳು. ತಲೆಯಿಂದ ಎಳನೀರು ಇಳಿಯುತ್ತಿತ್ತು. ಅವಳು ಇಡೀ ಅಡುಗೆಮನೆಯನ್ನು ಕಣ್ಣಲ್ಲೇ ಹುಡುಕಿದಳು, ಡಬ್ಬಗಳು, ಸೌಟುಗಳು, ಕುಕ್ಕರು ಎಲ್ಲವನ್ನೂ.

"ಏನು ಬೇಕು ಅಂತ ಹೊಳೀತಾನೇ ಇಲ್ಲ ಕಣ್ರೀ," ಎಂದಳು.

ಭಾವ ಏನೋ ಹೇಳಿಕೊಡಲು ಹೋದರು. ಅವರಿಗೂ ಏನೂ ಹೊಳೆಯಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ಆ ಇಬ್ಬರೂ ಪಾನಕದಲ್ಲಿ ನೆನೆಯುತ್ತ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿದ್ದರು. ನನಗೆ ನಗು ಬರಲಿಲ್ಲ. ರಸ ಹಿಮ್ಮಡಿ ಮುಟ್ಟಿ, ಮೇಲೇರುತ್ತಿರುವಾಗ ಅಕ್ಕ ಮೆಲ್ಲಗೆ ಹೇಳಿದಳು.

"ಕೂತ್ಕೋಬೇಕು. ಸ್ವಲ್ಪ ಹೊತ್ತು, ಸುಮ್ನೆ."

ಉಪಚಾರಮ್ಮ ನಿಂತಿತು. ಒಂದು ಕೈ ಹಜಾರದಿಂದ ಕುರ್ಚಿ ಎಳೆದು ತಂದು ಅಕ್ಕನ ಹಿಂದೆ ಇಟ್ಟಿತು. ಇನ್ನೊಂದು ಕೈ ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ತೆಗೆದು ಭಾವನ ಕೈಗೆ ಕೊಟ್ಟಿತು. ಉಳಿದ ಕೈಗಳು ಅವರ ತಲೆಯ ಸುತ್ತ ಕಾವಲು ನಿಂತವು.

ಭಾವ ಒಲೆಕಟ್ಟೆ ಒರೆಸಿದರು. ಆಮೇಲೆ ನೆಲ ಒರೆಸಿದರು. ಅಕ್ಕ ಕಾಲು ಮೇಲೆ ಮಾಡಿಕೊಂಡು ಕುಳಿತು, ಮೂಲೆ ಬಿಟ್ಟುಹೋಗಿದೆ ಎಂದು ಒಂದೆರಡು ಸಲ ತೋರಿಸಿದಳು. ಕತ್ತಲಾಗುತ್ತ ಬಂದಾಗ ಭಾವ ಸೊಂಟ ಹಿಡಿದುಕೊಂಡು ಎದ್ದು ನಿಂತು, "ಪ್ರಭಾ, ಇನ್ನೇನಾದ್ರೂ ಬೇಕಾ?" ಎಂದು ಕೇಳಿದರು.

"ಬೇಡ," ಎಂದಳು ಅಕ್ಕ. ಉಪಚಾರಮ್ಮನ ಒಂದು ನಲ್ಲಿಯೂ ಬಿಚ್ಚಿಕೊಳ್ಳಲಿಲ್ಲ.

ಭಾವ ಎರಡನೆಯ ಸಲ ಕೇಳಲಿಲ್ಲ.